ಕಡಲನ್ನರಿತವರ ಸಾಕ್ಷ್ಯ

೧

ಪಡುವಣ ಕರಾವಳಿಯಲ್ಲಿ ಬಂಗುಡೆಯನ್ನರಿಯದ ಮನೆಯಿಲ್ಲ. ಮೀನುಣ್ಣದವರೂ ಸಂತೆಯ ದಾರಿಯಲ್ಲಿ ಅದರ ಹೆಸರನ್ನು ಕೇಳಿಯೇ ಇರುತ್ತಾರೆ. ಆದರೆ ಪ್ರಾಣಿಶಾಸ್ತ್ರಜ್ಞರು ಆ ಮೀನಿಗೆ ಬಳಸುವ ಶಾಸ್ತ್ರೀಯನಾಮವು 'ರಾಸ್ಟ್ರೆಲ್ಲಿಗರ್ ಕನಗುರ್ತ' ಎಂಬುದೂ, ಅದರಲ್ಲಿಯ 'ಕನಗುರ್ತ' ಎಂಬ ಮಾತು ಲ್ಯಾಟಿನ್ ಗ್ರೀಕುಗಳದಾಗಿರದೆ ವಿಶಾಖಪಟ್ಟಣದ ಕಡಲಂಚಿನ ತೆಲುಗು ಮಾತೆಂಬುದೂ ಬಹುಜನರಿಗೆ ತಿಳಿದಿರಲಾರದು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ವಿಶಾಖಪಟ್ಟಣದಲ್ಲಿ ಇನ್ನೂರು ಬಗೆಯ ಮೀನುಗಳನ್ನು ಕೂಡಿಸಿ, ಚಿತ್ರ ಬರೆಯಿಸಿ, ಅಲ್ಲಿಯ ಜನರು ಹೇಳಿದ ಹೆಸರುಗಳೊಡನೆ ೧೮೦೩ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಇಂಡಿಯಾದ ತೀರವನ್ನು ಎಂದೂ ಕಾಣದಿದ್ದ ಫ್ರೆಂಚ್ ಪಂಡಿತ ಕುವ್ಯೇ ೧೮೧೬ರಲ್ಲಿ ಆ ಗ್ರಂಥವನ್ನಾಧರಿಸಿ ಬಂಗುಡೆಗೆ 'ಕನಗುರ್ತ'ವೆಂಬ ಹೆಸರನ್ನೇ ಸ್ಥಿರಪಡಿಸಿದನು. ರಸೆಲ್ಲನ ಹೆಸರುಳಿಯಿತು, ಕುವ್ಯೇಯ ಹೆಸರುಳಿಯಿತು. ಬಲೆಯಿಂದ ಮೀನನ್ನೆತ್ತಿ ಅದರ ಹೆಸರನ್ನು ಹೇಳಿದವನು ಯಾರೆಂಬುದು ಮಾತ್ರ ಉಳಿಯಲಿಲ್ಲ.

ಸಣ್ಣ ಸಂಗತಿಯೆಂದು ತೋರಬಹುದಾದ ಇದರಲ್ಲಿ ಒಂದು ದೊಡ್ಡ ಪ್ರಶ್ನೆಯ ಬೀಜವಿದೆ. ಕಡಲು, ಅಳಿವೆ, ಕಾಂಡ್ಲಾವನ, ಹವಳದ ದಿಬ್ಬ ಇವುಗಳ ಜೀವಜಾಲವನ್ನು ಕುರಿತು ಶಾಸ್ತ್ರವು ಅರಿತುಕೊಂಡುದರಲ್ಲಿ ಬಹುಭಾಗವು ತೀರದ ಜನರ ಬಾಯಿಂದಲೂ ಕೈಯಿಂದಲೂ ಬಂದುದು. ಹಿಂದಿನವರು ಮನುಷ್ಯನಿಗೆ ಹುಟ್ಟಿನೊಡನೆಯೇ ಬರುವ ಋಣಗಳಲ್ಲಿ ಋಷಿಋಣವನ್ನೂ ಒಂದಾಗಿ ಎಣಿಸಿದ್ದರು. ಅರಿವನ್ನು ಪಡೆದವನು ಅದನ್ನು ಕೊಟ್ಟವನಿಗೆ ಸಾಲಗಾರನೆಂಬುದೇ ಅದರ ತಾತ್ಪರ್ಯ. ಆ ಅಳತೆಯಿಂದ ನೋಡಿದರೆ ಕರಾವಳಿಯ ಶಾಸ್ತ್ರಜ್ಞನಿಗೆ ತೀರದ ಜನರ ಋಣವು ಮೂರು ಬಗೆಯಾಗಿದೆ. ಅವರನ್ನು ಕೇಳಬೇಕು, ಕೇಳಿದ್ದನ್ನು ಅವರ ಹೆಸರಿನಲ್ಲಿ ಒಪ್ಪಿಕೊಳ್ಳಬೇಕು, ಅದರಿಂದ ಬಂದ ಫಲದಲ್ಲಿಯೂ ನಿರ್ಣಯದಲ್ಲಿಯೂ ಅವರಿಗೆ ಪಾಲಿರಬೇಕು. ಮೂರೂವರೆ ಶತಮಾನಗಳ ಚರಿತ್ರೆಯಲ್ಲಿ ಈ ಋಣವು ಕೆಲವೆಡೆ ಸಂದಿದೆ, ಹಲವೆಡೆ ಬಾಕಿಯಾಗಿದೆ. ಸಂದ ಕಡೆಗಳಲ್ಲಿ ಶಾಸ್ತ್ರಕ್ಕೂ ಲಾಭವಾಯಿತು. ಬಾಕಿಯಾದೆಡೆಗಳಲ್ಲಿ ನಷ್ಟವು ತೀರದವರೊಬ್ಬರದೇ ಆಗಿ ನಿಲ್ಲಲಿಲ್ಲ.

೨

ಋಣವನ್ನು ಒಪ್ಪಿಕೊಂಡುದಕ್ಕೆ ಹಳೆಯದೂ ಸೊಗಸಾದುದೂ ಆದ ನಿದರ್ಶನವು ಕೊಚ್ಚಿಯಲ್ಲಿ ದೊರೆಯುತ್ತದೆ. ಅಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬವನು ಮಲೆಯಾಳದ ಗಿಡಮರಗಳನ್ನು ಕುರಿತು 'ಹೋರ್ಟುಸ್ ಮಲಬಾರಿಕುಸ್' ಎಂಬ ಮಹಾಗ್ರಂಥವನ್ನು ಸಿದ್ಧಗೊಳಿಸಿದನು. ೧೬೭೮ರಿಂದ ೧೬೯೩ರ ವರೆಗೆ ಆಮ್ಸ್ಟರ್ಡ್ಯಾಮಿನಲ್ಲಿ ಅದರ ಹನ್ನೆರಡು ಸಂಪುಟಗಳು ಹೊರಬಿದ್ದುವು. ಗಿಡಗಳ ಗುಣವನ್ನು ಹೇಳಿದವರಲ್ಲಿ ಮುಖ್ಯನು ಈಳವ ಕುಲದ ವೈದ್ಯ ಇಟ್ಟಿ ಅಚ್ಯುತನ್. ಅವನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಇದ್ದರು. ಈ ಕೃತಿಗೆ ತಾವು ಏನನ್ನು ಹೇಳಿದೆವೆಂಬುದನ್ನು ಅವರು ೧೬೭೫ರಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಬರೆದುಕೊಟ್ಟರು. ಆ ಪತ್ರಗಳನ್ನು ರೀಡನು ಅವರವರ ಲಿಪಿಯಲ್ಲಿಯೇ ಕೆತ್ತಿಸಿ ಮೊದಲನೆಯ ಸಂಪುಟದಲ್ಲಿ ಅಚ್ಚುಹಾಕಿಸಿದನು. ಪರದೇಶದ ಅಧಿಕಾರಿಯೊಬ್ಬನು ಗ್ರಂಥದ ಬಾಗಿಲಿನಲ್ಲಿಯೇ ಅರಿವಿನ ಒಡೆಯರನ್ನು ನಿಲ್ಲಿಸಿದ ಈ ರೀತಿಯು ಆ ಕಾಲಕ್ಕೆ ಅಪೂರ್ವವಾದುದು.

ಕರಾವಳಿಯ ಜೀವಜಾಲಕ್ಕೂ ಈ ಗ್ರಂಥಕ್ಕೂ ನೇರವಾದ ನಂಟಿದೆ. ಅಳಿವೆಗಳ ಉಪ್ಪುನೀರಿನಲ್ಲಿ ಬೇರುಗಳನ್ನೂರಿ ನಿಲ್ಲುವ ಮರಗಳನ್ನು ಮಲೆಯಾಳಿಗಳು 'ಕಂಡಲ್' ಎಂದು ಕರೆಯುತ್ತಾರೆ. ಕನ್ನಡ ಕರಾವಳಿಯಲ್ಲಿ ಅದೇ 'ಕಾಂಡ್ಲ'. ರೀಡನು ಆ ಹೆಸರನ್ನು ಹಾಗೆಯೇ ಬರೆದುಕೊಂಡನು. ೧೭೫೩ರಲ್ಲಿ ಲಿನೇಯಸನು ಅದನ್ನು ತನ್ನ ಶಾಸ್ತ್ರೀಯನಾಮದಲ್ಲಿ ಸೇರಿಸಿದನು. ಮುಂದೆ ಅದೇ 'ಕ್ಯಾಂಡೇಲಿಯ' ಎಂಬ ಕುಲನಾಮವಾಯಿತು. ಇಂದು ಚೀನ ಜಪಾನುಗಳ ತೀರದಲ್ಲಿ ಬೆಳೆಯುವ ಆ ಕುಲದ ಮರವನ್ನು ಹೆಸರಿಸುವ ವಿದ್ವಾಂಸನೂ ಅರಿಯದೆಯೇ ಮಲೆಯಾಳದ ಅಳಿವೆಯ ಮಾತನ್ನು ಉಚ್ಚರಿಸುತ್ತಿರುತ್ತಾನೆ.

ಆದರೂ ಈ ನಿದರ್ಶನವನ್ನು ಪೂರ್ಣವೆಂದು ಹೊಗಳಲಾಗದು. ಓಲೆಗ್ರಂಥವಿದ್ದ ವೈದ್ಯರ ಹೆಸರು ಅಚ್ಚಾಯಿತು. ಕೆಸರಿನಲ್ಲಿಳಿದು ಕೊಂಬೆಗಳನ್ನು ಕಡಿದು ತಂದವರ ಹೆಸರು ಅಚ್ಚಾಗಲಿಲ್ಲ. ಗ್ರಂಥವು ಲ್ಯಾಟಿನ್ ಭಾಷೆಯಲ್ಲಿದ್ದುದರಿಂದ ಅರಿವನ್ನು ಕೊಟ್ಟವರ ಮಕ್ಕಳು ಮೊಮ್ಮಕ್ಕಳಿಗೆ ಅದು ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು. ಕೆ. ಎಸ್. ಮಣಿಲಾಲರ ಇಂಗ್ಲಿಷ್ ಅನುವಾದವು ಪ್ರಕಟವಾದುದು ೨೦೦೩ರಲ್ಲಿ. ಕೊಟ್ಟ ಅರಿವು ಕೊಟ್ಟವರ ನಾಡಿಗೆ ಓದಲು ಬರುವ ರೂಪದಲ್ಲಿ ಹಿಂದಿರುಗಲು ಮುನ್ನೂರಕ್ಕೂ ಮಿಕ್ಕ ವರ್ಷಗಳು ಬೇಕಾದುವು.

೩

ರೀಡನ ಬಳಿಕ ಬಂದ ಕಂಪೆನಿಯ ಕಾಲದ ಶೋಧಕರು ಮಾತನ್ನುಳಿಸಿ ಮನುಷ್ಯನನ್ನು ಮರೆತರು. ರಸೆಲ್ಲನ ಸಂಗತಿಯನ್ನು ಮೇಲೆಯೇ ಹೇಳಿದೆ. ೧೮೦೦-೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳಲ್ಲಿ ಸಂಚರಿಸಿದುದರಿಂದ ಕನ್ನಡಿಗರಿಗೆ ಪರಿಚಿತನಾದ ಫ್ರಾನ್ಸಿಸ್ ಬುಕಾನನ್ನನು ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಾಳಿ, ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ೧೮೨೨ರಲ್ಲಿ ಪ್ರಕಟಿಸಿದನು. 'ರೋಹಿತ', 'ಕಟ್ಲ', 'ಮೃಗಾಲ' ಎಂಬ ಜನರ ಮಾತುಗಳು ಅವನ ಕೈಯಲ್ಲಿ ಶಾಸ್ತ್ರೀಯನಾಮಗಳಾದುವು. ದೇಶಭಾಷೆಯ ಹೆಸರನ್ನು ಅಳಿಸದೆ ಉಳಿಸಿದುದು ಅವನ ಸೌಜನ್ಯವೆನ್ನಬೇಕು. ಆದರೆ ಪ್ರತಿಯೊಂದು ಹೆಸರಿನ ಹಿಂದೆಯೂ ಆ ಮೀನು ಯಾವ ತಿಂಗಳಲ್ಲಿ ಎಲ್ಲಿರುವುದು, ಏನನ್ನು ತಿನ್ನುವುದು, ಯಾವಾಗ ಮೊಟ್ಟೆಯಿಡುವುದು ಎಂಬ ದೊಡ್ಡ ಅರಿವಿನ ಗಂಟು ಇರುತ್ತದೆ. ಗಂಟಿನ ಮೇಲಿನ ಚೀಟಿಯನ್ನು ಕಿತ್ತುಕೊಂಡು ಗಂಟನ್ನು ಅಲ್ಲಿಯೇ ಬಿಟ್ಟಂತಾಯಿತು.

ಮದ್ರಾಸು ಸೇನೆಯ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಮತ್ತೊಂದು ಹೆಜ್ಜೆ ಮುಂದಕ್ಕೆ ಹೋದನು. ೧೮೬೫ರಲ್ಲಿ ಮಲೆಯಾಳದ ಮೀನುಗಳನ್ನು ಕುರಿತೂ, ೧೮೭೫ರಿಂದ ೧೮೭೮ರ ವರೆಗೆ ಇಂಡಿಯಾದ ಮೀನುಗಳೆಲ್ಲವನ್ನು ಕುರಿತೂ ಅವನು ಬರೆದ ಗ್ರಂಥಗಳು ಇಂದಿಗೂ ಮತ್ಸ್ಯಶಾಸ್ತ್ರದ ಅಡಿಗಲ್ಲುಗಳು. ಇವುಗಳ ನಡುವೆ ಸರಕಾರದ ಅಪ್ಪಣೆಯಂತೆ ದೇಶದ ಮೀನುಗಾರಿಕೆಯನ್ನು ವಿಚಾರಿಸಿ ೧೮೭೩ರಲ್ಲಿ ವರದಿಗಳನ್ನೂ ಒಪ್ಪಿಸಿದನು. ಸಿಹಿನೀರಿನ ಮೀನುಗಳ ವಿಚಾರಣೆಗಾಗಿ ಪ್ರಶ್ನೆಗಳು ಜಿಲ್ಲೆ ತಾಲೂಕುಗಳ ಅಧಿಕಾರಿಗಳಿಗೆ ಹೋದುವು, ಉತ್ತರಗಳೂ ಕಚೇರಿಗಳಿಂದಲೇ ಬಂದುವು. ಬಲೆ ಬೀಸುವವನ ಮಾತು ತಹಶೀಲ್ದಾರನ ಲೇಖಣಿಯಿಂದ ಸೋಸಿ ಬಂದಾಗ ಅದರಲ್ಲಿ ಎಷ್ಟು ಉಳಿದಿರಬಹುದೆಂಬುದನ್ನು ಓದುಗರೇ ಊಹಿಸಬಹುದು. ಕಂದಾಯ ಕೇಳುವ ಅಧಿಕಾರಿಯ ಮುಂದೆ ತನ್ನ ಹಿಡಿಪನ್ನು ಪೂರ್ತಿಯಾಗಿ ಹೇಳುವ ಪ್ರಜೆ ಯಾವ ಕಾಲದಲ್ಲಿಯೂ ವಿರಳ. ಕೇಳುವುದೇ ಸಾಲದು, ಯಾರು ಯಾವ ಸ್ಥಾನದಲ್ಲಿ ನಿಂತು ಕೇಳುತ್ತಾರೆಂಬುದೂ ಉತ್ತರವನ್ನು ನಿರ್ಣಯಿಸುತ್ತದೆ.

೪

ಈ ಶತಮಾನದ ಹಿಂದಣ ಶತಮಾನವು ತೊಡಗಿದಾಗ ಮದ್ರಾಸು ಆಧಿಪತ್ಯದಲ್ಲಿ ಬೇರೊಂದು ಮನೋಭಾವವು ಕಾಣಿಸಿಕೊಂಡಿತು. ಸಹಕಾರಿ ಚಳವಳಿಗೆ ದಾರಿ ತೋರಿದ ವರದಿಯಿಂದ ಪ್ರಸಿದ್ಧರಾದ ಸರ್ ಫ್ರೆಡರಿಕ್ ನಿಕೊಲ್ಸನ್ನರು ೧೯೦೫ರಲ್ಲಿ ಮೀನುಗಾರಿಕೆಯ ವಿಚಾರಣೆಯನ್ನು ಕೈಗೊಂಡರು; ೧೯೦೭ರಲ್ಲಿ ಅದಕ್ಕಾಗಿ ಪ್ರತ್ಯೇಕ ಇಲಾಖೆಯಾಯಿತು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೂ ಮಲಬಾರಿನೊಡನೆ ಆ ಇಲಾಖೆಯ ಕಣ್ಣಳತೆಯಲ್ಲಿತ್ತು. ಜಪಾನಿನ ಮೀನುಗಾರಿಕೆಯನ್ನು ಕಣ್ಣಾರೆ ಕಂಡು ಬಂದಿದ್ದರೂ ನಿಕೊಲ್ಸನ್ನರು ದೊಡ್ಡ ಹಡಗುಗಳನ್ನು ತಂದು ಬಂಡವಾಳಗಾರರ ಕೈಗೆ ಕಡಲನ್ನೊಪ್ಪಿಸುವ ಆತುರವನ್ನು ತೋರಲಿಲ್ಲ. ಈಗಿರುವ ಮೀನುಗಾರನನ್ನೇ, ಅವನ ದೋಣಿ ಬಲೆಗಳಿಂದಲೇ ಮೊದಲಿಟ್ಟು, ಮೆಟ್ಟಲು ಮೆಟ್ಟಲಾಗಿ ಮೇಲಕ್ಕೆತ್ತಬೇಕೆಂಬುದು ಅವರ ನಿಲುವು. ಶೋಧನೆಯ ಜೊತೆಗೆ ಶಾಲೆ, ಸಹಕಾರ ಸಂಘ, ಉಪ್ಪು ಹಾಕುವ ಒಳ್ಳೆಯ ಕ್ರಮ ಇವುಗಳಿಗೂ ಇಲಾಖೆಯು ಕೈಯಿಕ್ಕಿತು. ತಿಳಿವನ್ನು ಪಡೆದಲ್ಲಿಗೇ ಏನನ್ನಾದರೂ ಹಿಂದಿರುಗಿಸಬೇಕೆಂಬ ಬುದ್ಧಿಯು ಸರಕಾರದ ಕೆಲಸದಲ್ಲಿ ಹೀಗೆ ಕಾಣಿಸಿತು.

ಅವರ ಬಳಿಕ ಇಲಾಖೆಯನ್ನು ನಡೆಯಿಸಿದ ಜೇಮ್ಸ್ ಹಾರ್ನೆಲ್ಲರು ಪಡುಗಡಲಿನ ಮೀನುಗಾರರ ಕೈಕೆಲಸವನ್ನು ಶ್ರದ್ಧೆಯಿಂದ ಅಭ್ಯಾಸಮಾಡಿದರು. ದೋಣಿಗಳ ರಚನೆಯನ್ನು ಕುರಿತು ೧೯೨೦ರಲ್ಲಿಯೂ, ಮಲೆಯಾಳ ತೀರದ ಮೀನುಗಾರಿಕೆಯ ಬಗೆಗಳನ್ನು ಕುರಿತು ೧೯೩೮ರಲ್ಲಿಯೂ ಪ್ರಕಟವಾದ ಅವರ ಬರಹಗಳಲ್ಲಿ ತೀರದವನ ಬಲೆಯೂ ಹುಟ್ಟೂ ಶಾಸ್ತ್ರದ ವಿಷಯಗಳಾಗಿ ಮರ್ಯಾದೆ ಪಡೆದಿವೆ. ಕರಾವಳಿಯ ಬಡವರ ಅನ್ನವೆನಿಸಿದ ಬೂತಾಯಿ ಮೀನು ಒಂದು ವರ್ಷ ರಾಶಿರಾಶಿಯಾಗಿ ಬಂದು ಮತ್ತೊಂದು ವರ್ಷ ಕಣ್ಮರೆಯಾಗುವುದೇಕೆಂಬ ಹಳೆಯ ಒಗಟನ್ನು ಹಾರ್ನೆಲ್ಲರೂ ರಾಮಸ್ವಾಮಿ ನಾಯುಡುಗಳೂ ಕೂಡಿ ಬಿಡಿಸಲು ಯತ್ನಿಸಿದರು. ಅವರ ಪ್ರಬಂಧವು ೧೯೨೩ರ ಹೊತ್ತಿನದು. ಮಳೆಗಾಲದಲ್ಲಿ ಮೇಲೆದ್ದು ಬರುವ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬೆಳೆಯುವುದೂ, ಅವನ್ನು ತಿನ್ನಲು ಬೂತಾಯಿಯ ಹಿಂಡು ತೀರಕ್ಕೆ ಸರಿಯುವುದೂ ಇಂದು ಶಾಸ್ತ್ರದ ಪಾಠವಾಗಿವೆ. ಸೂಕ್ಷ್ಮದರ್ಶಕವು ಈ ಕಾರಣವನ್ನು ತೋರುವ ಮೊದಲೇ ನೀರಿನ ಬಣ್ಣ, ಹಕ್ಕಿಗಳ ಸುಳಿದಾಟ, ಅಲೆಯ ಮೇಲಿನ ನಡುಕ ಇವುಗಳಿಂದ ಹಿಂಡಿನ ಬರವನ್ನು ತೀರದ ಹಿರಿಯರು ಓದಿಕೊಳ್ಳುತ್ತಿದ್ದರು. ಕಾರಣವನ್ನು ಪ್ರಯೋಗಶಾಲೆಯು ಬಲ್ಲುದು, ಲಕ್ಷಣವನ್ನು ದೋಣಿಯು ಬಲ್ಲುದು. ಇವೆರಡೂ ಕೂಡಿದಾಗಲೇ ವಿದ್ಯೆಯು ಪೂರ್ತಿಯಾದೀತು.

ಆದರೆ ನಿರ್ಣಯದ ಹೊತ್ತಿಗೆ ಈ ಕೂಟವು ನಿಲ್ಲಲಿಲ್ಲ. ೧೯೪೦ರ ಬಳಿಕ ಬೂತಾಯಿಯು ತೀರ ವಿರಳವಾದಾಗ ಮದ್ರಾಸು ಸರಕಾರವು ೧೯೪೩ರಲ್ಲಿ ಮರಿಗಳನ್ನು ಹಿಡಿಯುವ ಬಲೆಗಳಿಗೆ ತಡೆ ಹಾಕಿತು. ಉದ್ದೇಶವು ಒಳ್ಳೆಯದೇ, ಆದರೂ ಆ ಕಟ್ಟಳೆ ಬಹುಕಾಲ ಬಾಳದೆ ೧೯೪೭ರಲ್ಲಿ ಹಿಂದೆಗೆಯಲ್ಪಟ್ಟಿತು. ಶೋಧಕನು ಬಲೆಯನ್ನು ಕಂಡದ್ದಾಯಿತು, ಬಲೆಗಾರನನ್ನು ಆಲೋಚನೆಯ ಚಾವಡಿಗೆ ಕರೆಯುವ ಕಾಲವು ಇನ್ನೂ ಬಂದಿರಲಿಲ್ಲ.

೫

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯು ಹೊಟ್ಟೆಯ ಪ್ರಶ್ನೆಯಾಗಿ ಎದ್ದು ನಿಂತಿತು. ೧೯೫೨ರಲ್ಲಿ ಸಂಯುಕ್ತ ರಾಷ್ಟ್ರಗಳು, ನಾರ್ವೆ ಮತ್ತು ಭಾರತ ಇವುಗಳ ನಡುವೆ ಒಪ್ಪಂದವಾಗಿ, ಕೊಲ್ಲಮಿನ ಬಳಿಯ ನೀಂಡಕರದಲ್ಲಿ ೧೯೫೩ರಲ್ಲಿ ಒಂದು ಯೋಜನೆಯು ತೊಡಗಿತು. ತೀರದ ಹಳ್ಳಿಗಳಿಗೆ ಆರೋಗ್ಯ, ಕುಡಿಯುವ ನೀರು, ಮಂಜುಗಡ್ಡೆ, ಯಂತ್ರದೋಣಿ ಇವೆಲ್ಲವನ್ನೂ ಒದಗಿಸಿ ಮೀನುಗಾರನ ಬಾಳನ್ನು ಹಸನುಮಾಡುವುದು ಅದರ ಗುರಿ. ಆದರೆ ಸಿಗಡಿಗೆ ಪರದೇಶಗಳಲ್ಲಿ ದೊಡ್ಡ ಬೆಲೆ ಬರುವುದೆಂದು ಗೊತ್ತಾದೊಡನೆ ಯೋಜನೆಯ ಗಾಳಿಯು ಬೇರೆ ದಿಕ್ಕಿಗೆ ತಿರುಗಿತು. ಕಡಲ ತಳವನ್ನು ಗೋರುತ್ತ ಹೋಗುವ ಟ್ರಾಲ್ ಬಲೆಯ ಬೋಟುಗಳು ೧೯೬೦ರ ಬಳಿಕ ಬೆಳೆದುವು. ಅವುಗಳಲ್ಲಿ ಬಹಳಷ್ಟು ಬಲೆ ಹಿಡಿಯದ ಹೊಸ ಒಡೆಯರ ಪಾಲಾದುವು. ಹುಟ್ಟು ಹಾಕುವವನಿಗೆ ಹಿಡಿಪು ಕುಗ್ಗಿತು, ಬಲೆ ಹರಿಯಿತು, ಕಡಲಿನಲ್ಲಿಯೇ ಜಗಳಗಳಾದುವು.

ಆಗ ಕೇರಳದ ಸಾಂಪ್ರದಾಯಿಕ ಮೀನುಗಾರರು ಮುಂದಿಟ್ಟ ಬೇಡಿಕೆಯು ಗಮನಾರ್ಹವಾದುದು. ಮಳೆಗಾಲದ ತಿಂಗಳುಗಳಲ್ಲಿ ಮೀನುಗಳು ಮೊಟ್ಟೆಯಿಡುತ್ತವೆ. ಆ ಹೊತ್ತಿನಲ್ಲಿ ತಳವನ್ನು ಗೋರುವ ಬಲೆಯು ತಾಯನ್ನೂ ಮರಿಯನ್ನೂ ನಾಶಪಡಿಸುತ್ತದೆ. ಆದುದರಿಂದ ಆ ತಿಂಗಳುಗಳಲ್ಲಿ ಟ್ರಾಲಿಂಗನ್ನು ನಿಲ್ಲಿಸಬೇಕು ಎಂದು ಅವರು ಕೇಳಿದರು. ದುಡ್ಡನ್ನೋ ದೋಣಿಯನ್ನೋ ಬೇಡದೆ ಕಡಲಿಗೆ ಬಿಡುವನ್ನು ಬೇಡಿದುದು ಇದರ ವಿಶೇಷ. ಅವರ ಕೈಯಲ್ಲಿ ಅಂಕಿಗಳ ಪಟ್ಟಿಯಿರಲಿಲ್ಲ. ತಲೆಮಾರುಗಳಿಂದ ಮೀನಿನ ಹೊಟ್ಟೆಯನ್ನು ಸೀಳಿ ಕಂಡ ಸಾಕ್ಷ್ಯವಿತ್ತು. ಬೋಟಿನ ಒಡೆಯರು ಇದಕ್ಕೆ ಎದುರಾಗಿ, ಮಳೆಗಾಲದಲ್ಲಿ ದೊರೆಯುವ ಕರಿಕ್ಕಾಡಿ ಸಿಗಡಿಯನ್ನು ಆಗಲೇ ಹಿಡಿಯದಿದ್ದರೆ ಅದು ಯಾರಿಗೂ ದಕ್ಕದೆಂದು ವಾದಿಸಿದರು. ಮೊಟ್ಟೆಯಿಡುವ ಕಾಲವು ಜಾತಿಜಾತಿಗೆ ಬೇರೆ, ನಿಷೇಧಕ್ಕೆ ಸಾಕಾದಷ್ಟು ಆಧಾರವಿಲ್ಲವೆಂದು ಶಾಸ್ತ್ರಜ್ಞರಲ್ಲಿ ಹಲವರು ಹೇಳಿದರು.

ಸರಕಾರವು ಒಂದರ ಮೇಲೊಂದು ಸಮಿತಿಯನ್ನು ನೇಮಿಸಿತು. ೧೯೮೧ರಲ್ಲಿ ನೇಮಕವಾದ ಬಾಬು ಪಾಲ್ ಸಮಿತಿಯಲ್ಲಿ ಮೀನುಗಾರರ ಪ್ರತಿನಿಧಿಗಳಿಗೂ ಬೋಟಿನ ಒಡೆಯರ ಪ್ರತಿನಿಧಿಗಳಿಗೂ ಸ್ಥಾನವಿತ್ತು. ಮುಖ್ಯ ಪ್ರಶ್ನೆಯಲ್ಲಿ ಅದು ಒಮ್ಮತಕ್ಕೆ ಬರಲಿಲ್ಲ. ೧೯೮೪ರಲ್ಲಿ ಬಂದ ಕಲಾವರ್ ಸಮಿತಿಯು ಕೇವಲ ತಜ್ಞರದು. ಅದು ಮಳೆಗಾಲದ ನಿಷೇಧವನ್ನು ಸೂಚಿಸದೆ ಟ್ರಾಲ್ ಬೋಟುಗಳ ಸಂಖ್ಯೆಯನ್ನು ತಗ್ಗಿಸಬೇಕೆಂದಿತು. ಈ ನಡುವೆ ತೀರದಲ್ಲಿ ಉಪವಾಸ, ಮೆರವಣಿಗೆ, ರಸ್ತೆ ತಡೆಗಳು ನಡೆದುವು. ಹೆಂಗಸರೂ ಪಾದ್ರಿಗಳೂ ಸಂನ್ಯಾಸಿನಿಯರೂ ಅವುಗಳಲ್ಲಿ ಸೇರಿದ್ದರು. ೧೯೮೮ರ ಮಳೆಗಾಲದಲ್ಲಿ ಸರಕಾರವು ಟ್ರಾಲಿಂಗಿಗೆ ತಡೆ ಹಾಕಿತು. ಅದೇ ವರ್ಷ ನೇಮಕವಾದ ಬಾಲಕೃಷ್ಣನ್ ನಾಯರ್ ಸಮಿತಿಯು ಮಳೆಗಾಲದ ತಡೆಯನ್ನು ಮೂರು ವರ್ಷ ಮುಂದುವರಿಸಿ, ಅದರ ಪರಿಣಾಮವನ್ನು ಅಭ್ಯಾಸಮಾಡಬೇಕೆಂದು ಹೇಳಿತು. ಅಂದಿನಿಂದ ಆ ಬಿಡುವು ತಪ್ಪದೆ ಬಂದಿದೆ. ಇಂದು ಪಡುವಣ ತೀರದಲ್ಲೆಲ್ಲ ಕಟ್ಟಳೆಯಾಗಿದೆ. ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಕಲಿಯಬೇಕಾಗಿದೆ. ಮೊದಲನೆಯದು, ಸಾಕ್ಷ್ಯದ ಭಾರವನ್ನು ಯಾರ ಹೆಗಲಿಗೆ ಹೊರಿಸಬೇಕೆಂಬುದು. ತಳವನ್ನು ಗೋರುವ ಹೊಸ ಬಲೆಯು ನಿರಪಾಯವೆಂದು ತಂದವನು ಸಿದ್ಧಪಡಿಸಬೇಕಾಗಿರಲಿಲ್ಲ. ಅದು ಅಪಾಯವೆಂದು ಬಡವನೇ ಸಿದ್ಧಪಡಿಸಬೇಕಾಯಿತು. ಶಾಸ್ತ್ರವು ಸಂದೇಹಪಡುವುದು ಧರ್ಮವೇ. ಆದರೆ ಸಂದೇಹದ ಲಾಭವು ಪ್ರತಿಸಲವೂ ಬಲ್ಲಿದನಿಗೇ ಸಂದರೆ ಅದು ಶಾಸ್ತ್ರದ ಮಧ್ಯಸ್ಥಿಕೆಯಾಗದು. ಎರಡನೆಯದು, ಮೀನುಗಾರನ ಮಾತನ್ನೂ ಒರೆಹಚ್ಚದೆ ಒಪ್ಪಬೇಕಾಗಿಲ್ಲವೆಂಬುದು. ನಿಷೇಧವೊಂದರಿಂದಲೇ ಮೀನು ಹೆಚ್ಚಿತೋ ಇಲ್ಲವೋ ಎಂಬ ಚರ್ಚೆಯು ತಜ್ಞರಲ್ಲಿ ಇಂದಿಗೂ ಮುಗಿದಿಲ್ಲ. ನಾಯರ್ ಸಮಿತಿಯ ದಾರಿಯು ಇಲ್ಲಿ ಮೆಚ್ಚತಕ್ಕುದು: ತೀರದವರ ಮಾತನ್ನು ಕಾರ್ಯಕ್ಕೆ ತಂದು, ಆ ಬಳಿಕ ಪರೀಕ್ಷಿಸಿ ನೋಡುವುದು. ಮಾತನ್ನು ಪರೀಕ್ಷೆಗೆ ಯೋಗ್ಯವೆಂದು ಎಣಿಸುವುದೇ ಅದಕ್ಕೆ ಸಲ್ಲುವ ಮೊದಲ ಗೌರವ.

೬

ಕೇರಳದಲ್ಲಿ ಈ ವಿವಾದವು ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಕನ್ನಡ ಕರಾವಳಿಯು ತನ್ನದೊಂದು ವಿದ್ಯೆಯನ್ನು ಕಳೆದುಕೊಂಡಿತು. ಕಾರವಾರದಿಂದ ಮಂಗಳೂರಿನ ವರೆಗೆ ಬೂತಾಯಿ ಬಂಗುಡೆಗಳನ್ನು ಹಿಡಿಯುತ್ತಿದ್ದುದು ರಂಪಣಿ ಬಲೆಯಿಂದ. ಅದು ಒಬ್ಬನ ಸೊತ್ತಲ್ಲ. ತುಂಡು ತುಂಡಾಗಿ ಹಲವು ಮನೆಗಳವರು ಕೂಡಿಸಿ ಹೊಲಿದ ಬಲೆ. ಹಿಂಡು ತೀರಕ್ಕೆ ಸರಿದಾಗ ದೋಣಿಯಿಂದ ಬಲೆಯನ್ನು ಬಿಲ್ಲಿನಂತೆ ಬಳಸಿ ಬಿಟ್ಟು, ಎರಡು ತುದಿಗಳ ಹಗ್ಗಗಳನ್ನು ಹತ್ತಾರು ಜನರು ಮರಳಿನ ಮೇಲೆ ನಿಂತು ಎಳೆಯುವರು. ಬಲೆಗೂ ದೋಣಿಗೂ ದುಡಿದ ಕೈಗಳಿಗೂ ಪಾಲುಗಳು ನಿಯತವಾಗಿದ್ದುವು. ಮೊಗವೀರರು, ಖಾರ್ವಿಗಳು ಮೊದಲಾದವರ ಗ್ರಾಮವ್ಯವಸ್ಥೆಯು ಅದಕ್ಕೆ ಹೆಣೆದುಕೊಂಡಿತ್ತು. ನೂಲುಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆಯನ್ನು ಮಾಡಿ, ಹಾಲು ತೆಂಗಿನಕಾಯಿಗಳನ್ನು ಕಡಲಿಗೆ ಒಪ್ಪಿಸಿ, ಆ ಬಳಿಕವೇ ಮೀನುಗಾರಿಕೆಗೆ ತೊಡಗುವುದು ರೂಢಿ. ಮೀನು ತೀರಕ್ಕೆ ಬಂದರಲ್ಲದೆ ಬಲೆಗೆ ಕೆಲಸವಿಲ್ಲವಾದುದರಿಂದ ಆ ಪದ್ಧತಿಯಲ್ಲಿಯೇ ಒಂದು ಮಿತಿಯು ಅಡಗಿತ್ತು.

೧೯೭೦ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದುವು. ತೀರದಿಂದ ದೂರದಲ್ಲಿಯೇ ಹಿಂಡನ್ನು ಸುತ್ತುವರಿದು, ಕೆಳಗಿನ ಬಾಯಿಯನ್ನು ಚೀಲದಂತೆ ಬಿಗಿದು, ಇಡಿಯ ಹಿಂಡನ್ನೇ ಎತ್ತುವ ಬಲೆಯದು. ಮೊದಮೊದಲು ಹಿಡಿಪು ಅದ್ಭುತವಾಗಿ ಏರಿತು. ಹಿಂಡು ದೂರದಲ್ಲಿಯೇ ಬಲೆಗೆ ಬಿದ್ದುದರಿಂದ ತೀರದಲ್ಲಿ ಹಗ್ಗ ಹಿಡಿದು ಕಾದವರಿಗೆ ಬರಿಯ ಮರಳೇ ಉಳಿಯಿತು. ಜಗಳಗಳಾದುವು, ಮೊರೆಗಳಾದುವು, ಕೆಲವೇ ವರ್ಷಗಳಲ್ಲಿ ರಂಪಣಿಯ ಮೇಳಗಳು ಒಂದೊಂದಾಗಿ ಕಳಚಿಕೊಂಡುವು. ಅವುಗಳಲ್ಲಿದ್ದ ಹಲವರು ಪರ್ಸೀನ್ ಬೋಟುಗಳಲ್ಲಿ ಪಾಲುಗಾರರಾಗಿಯೋ ಕೂಲಿಯವರಾಗಿಯೋ ಸೇರಿದರು. ಇಂದು ಕೆಲವು ಊರುಗಳಲ್ಲಿ ಸಣ್ಣ ಕೈರಂಪಣಿಯು ಮಾತ್ರ ಉಳಿದಿದೆ.

ಹೊಸ ಉಪಕರಣವು ಬರಲೇಬಾರದಾಗಿತ್ತೆಂದು ಹೇಳುವುದು ಸರಿಯಾಗದು. ಆದರೆ ಬರುವ ಮೊದಲು ರಂಪಣಿಯ ಹಿರಿಯರನ್ನು ಕೂರಿಸಿ, ಹಿಂಡು ಯಾವ ನೀರಿನಲ್ಲಿ ಹೇಗೆ ಸರಿಯುತ್ತದೆ, ಎಷ್ಟನ್ನು ತೆಗೆದರೆ ಎಷ್ಟು ಉಳಿದೀತು ಎಂಬ ಅವರ ಲೆಕ್ಕವನ್ನು ಬರೆದುಕೊಂಡಿದ್ದರೆ, ಶಾಸ್ತ್ರಕ್ಕೆ ಇಂದು ಹಣ ಕೊಟ್ಟರೂ ದೊರೆಯದ ಒಂದು ದಾಖಲೆಯು ಉಳಿಯುತ್ತಿತ್ತು. ಮೇಳವು ಮುರಿದಾಗ ಬಲೆಯೊಂದೇ ಮೂಲೆ ಸೇರಲಿಲ್ಲ. ಬಲೆಯೊಡನೆ ಬೆಳೆದ ಕಣ್ಣೂ ಹೋಯಿತು.

ಕೇಳದೆ ಬಿಟ್ಟವರಲ್ಲಿ ಹೆಂಗಸರನ್ನು ಮೊದಲು ಹೆಸರಿಸಬೇಕು. ಬಂದ ಮೀನನ್ನು ಬಿಡಿಸಿ, ಉಪ್ಪು ಹಾಕಿ, ಒಣಗಿಸಿ, ಬುಟ್ಟಿಯಲ್ಲಿ ಹೊತ್ತು ಮಾರುವ ಹೆಂಗಸಿಗೆ ಯಾವ ವಾರ ಮೀನು ಮೊಟ್ಟೆಕಟ್ಟಿತ್ತು, ಯಾವ ವರ್ಷ ಗಾತ್ರವು ಕಿರಿದಾಯಿತು ಎಂಬುದು ಚೆನ್ನಾಗಿ ನೆನಪಿರುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಬಳಚನ್ನು ಆರಿಸುವವರಲ್ಲಿಯೂ ಹೆಂಗಸರು ಬಹಳ. ಅಳಿವೆಯ ಕೆಸರು ಎಲ್ಲಿ ಗಟ್ಟಿಯಾಯಿತು, ಉಪ್ಪು ಎಲ್ಲಿ ಹೆಚ್ಚಿತು ಎಂಬುದನ್ನು ಅವರ ಕಾಲೇ ಅರಿಯುತ್ತದೆ. ಆ ಅಳಿವೆಯನ್ನು ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವಾಗಿ ರಾಮ್ಸಾರ್ ಪಟ್ಟಿಯಲ್ಲಿ ಸೇರಿಸಲಾಯಿತು. ಪಟ್ಟಿಯಲ್ಲಿ ಅಳಿವೆಯ ಹೆಸರು ಸೇರಿದಂತೆ ಅದರ ಸಂರಕ್ಷಣೆಯ ಆಲೋಚನೆಯಲ್ಲಿ ಬಳಚು ಆರಿಸುವವರ ಮಾತೂ ಸೇರಬೇಡವೆ?

೭

ಕೇಳಿದರೆ ಏನು ದೊರೆಯುವುದೆಂಬುದಕ್ಕೆ ದೂರದ ಶಾಂತಸಾಗರದ ಪಲಾವು ದ್ವೀಪಗಳು ಪ್ರಮಾಣವಾಗಿವೆ. ರಾಬರ್ಟ್ ಜೊಹಾನೆಸ್ ಎಂಬ ಜೀವಶಾಸ್ತ್ರಜ್ಞರು ೧೯೭೦ರ ದಶಕದಲ್ಲಿ ಅಲ್ಲಿಗೆ ಹೋಗಿ, ಮೀನನ್ನು ಸೀಸೆಯಲ್ಲಿಟ್ಟು ನೋಡುವುದನ್ನು ಬಿಟ್ಟು, ಮುದಿ ಮೀನುಗಾರರ ಶಿಷ್ಯರಾಗಿ ಕುಳಿತರು. ಅವರಿಗೆ ಮುಖ್ಯ ಗುರುವಾದವರು ನ್ಗಿರಾಕ್ಲಾಂಗ್ ಎಂಬ ವೃದ್ಧರು. ಯಾವ ಮೀನು ಚಂದ್ರನ ಯಾವ ಕಳೆಯಲ್ಲಿ, ಹವಳದ ದಿಬ್ಬದ ಯಾವ ಬಾಯಿಯಲ್ಲಿ ಗುಂಪುಗೂಡಿ ಮೊಟ್ಟೆಯಿಡುತ್ತದೆಂಬುದನ್ನು ಆ ಜನರು ಬಲ್ಲರು. ಅಲ್ಲಿ ಹೀಗೆ ತಿಳಿದುಬಂದ ಚಂದ್ರಾನುಸಾರಿ ಮೀನುಗಳ ಸಂಖ್ಯೆಯು ಅದುವರೆಗೆ ಪ್ರಪಂಚದ ಶಾಸ್ತ್ರಜ್ಞರೆಲ್ಲರೂ ವರ್ಣಿಸಿದ್ದುದರ ಇಮ್ಮಡಿಗಿಂತ ಹೆಚ್ಚಾಯಿತು. ಹದಿನೈದು ವರ್ಷಗಳ ಹಿಂದಿನ ಶೋಧನೆಗಿಂತ ಹದಿನಾರು ತಿಂಗಳ ಈ ಶಿಷ್ಯವೃತ್ತಿಯಲ್ಲಿಯೇ ಶಾಸ್ತ್ರಕ್ಕೆ ಹೆಚ್ಚು ಹೊಸ ಸಂಗತಿಗಳು ದೊರೆತುವೆಂದು ಜೊಹಾನೆಸರೇ ಒಪ್ಪಿಕೊಂಡರು. ೧೯೮೧ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಗುರುವಿನ ಹೆಸರು ಮರೆಯಾಗಿಲ್ಲ.

ಆದರೆ ಇದೇ ಅರಿವಿಗೆ ಇನ್ನೊಂದು ಮುಖವೂ ಉಂಟು. ಮೀನು ಗುಂಪುಗೂಡುವ ಸ್ಥಳವೂ ತಿಥಿಯೂ ಲೋಭಿಯ ಕೈಗೆ ಸಿಕ್ಕಿದರೆ ಒಂದೆರಡು ವರ್ಷಗಳಲ್ಲಿ ಆ ಗುಂಪೇ ನಿರ್ಮೂಲವಾದೀತು. ಜೀವಂತ ಮೀನನ್ನು ದೊಡ್ಡ ಪಟ್ಟಣಗಳ ಭೋಜನಶಾಲೆಗಳಿಗೆ ಸಾಗಿಸುವ ವ್ಯಾಪಾರವು ಆಗ್ನೇಯ ಏಷ್ಯದಲ್ಲಿಯೂ ಶಾಂತಸಾಗರದ ಪಡುವಣ ಭಾಗದಲ್ಲಿಯೂ ಹೀಗೆಯೇ ಹಾವಳಿ ಮಾಡಿದುದನ್ನು ಜೊಹಾನೆಸರೂ ಅವರ ಸಂಗಡಿಗರೊಬ್ಬರೂ ೧೯೯೫ರಲ್ಲಿ ವರದಿಮಾಡಿದರು. ಆದುದರಿಂದ ಹೇಳಿದ್ದನ್ನೆಲ್ಲ ಪ್ರಕಟಿಸುವುದೇ ಪ್ರಾಮಾಣಿಕತೆಯೆಂಬ ಭ್ರಮೆಯು ಸಲ್ಲದು. ಯಾವುದನ್ನು ಲೋಕಕ್ಕೆ ಹೇಳಬೇಕು, ಯಾವುದನ್ನು ಊರಿನೊಳಗೇ ಇಡಬೇಕು ಎಂಬ ನಿರ್ಣಯವು ಅರಿವಿನ ಒಡೆಯರಿಗೆ ಸೇರಿದುದು. ಬೇಡವೆನ್ನುವ ಹಕ್ಕಿಲ್ಲದವನನ್ನು ಕೇಳುವುದು ಕೇಳುವುದಲ್ಲ, ಕಸಿಯುವುದು.

೮

ಈಚಿನ ನಾಲ್ಕು ದಶಕಗಳಲ್ಲಿ ಈ ಧರ್ಮವು ಕಾಗದದ ಮೇಲೆ ಸಾಕಷ್ಟು ಸ್ಥಿರವಾಗಿದೆ. ೧೯೯೨ರ ಜೀವವೈವಿಧ್ಯ ಒಪ್ಪಂದವು ಸ್ಥಳೀಯ ಜನರ ಅರಿವಿಗೆ ಮನ್ನಣೆಯನ್ನೂ ಫಲದಲ್ಲಿ ನ್ಯಾಯವಾದ ಪಾಲನ್ನೂ ಹೇಳುತ್ತದೆ. ಅದನ್ನನುಸರಿಸಿ ಭಾರತದಲ್ಲಿ ೨೦೦೨ರಲ್ಲಿ ಕಾಯಿದೆಯಾಯಿತು. ಊರೂರಿನ ಅರಿವನ್ನು ಊರಿನವರೇ ಬರೆದಿಡುವ ಜೀವವೈವಿಧ್ಯ ದಾಖಲೆಗಳ ಏರ್ಪಾಡೂ ಆಯಿತು. ೨೦೧೪ರಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ ಸಣ್ಣ ಮೀನುಗಾರರನ್ನು ಕುರಿತು ಒಪ್ಪಿಗೆಯಾದ ಮಾರ್ಗಸೂಚಿಗಳಲ್ಲಿಯೂ ಶೋಧನೆಯಲ್ಲಿ ಅವರು ಪಾಲುಗಾರರಾಗಬೇಕೆಂಬ ಮಾತಿದೆ.

ಕಾಗದವು ತೀರಕ್ಕಿಳಿಯಬೇಕಾದುದು ಉಳಿದಿದೆ. ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನ ಸಂಸ್ಥೆಯ ಗಣಕರು ದಕ್ಕೆಗಳಲ್ಲಿ ನಿಂತು, ಬಂದ ಬೋಟುಗಳ ಹಿಡಿಪನ್ನು ಅಳೆದು, ಎಲ್ಲಿ ಎಷ್ಟು ಹೊತ್ತು ಬಲೆ ಬಿಟ್ಟರೆಂದು ಕೇಳಿ ಬರೆದುಕೊಳ್ಳುತ್ತಾರೆ. ದೇಶದ ಕಡಲ ಮೀನಿನ ಲೆಕ್ಕವೆಲ್ಲ ನಿಂತಿರುವುದು ಆ ಪ್ರಶ್ನೆಗೆ ದಣಿದು ಬಂದ ಮೀನುಗಾರನು ಕೊಡುವ ಉತ್ತರದ ಮೇಲೆ. ಲೆಕ್ಕವು ಒಟ್ಟಾಗಿ ಅರ್ಥವನ್ನು ಕೊಟ್ಟಾಗ ಆ ಅರ್ಥವು ಅವನ ಭಾಷೆಯಲ್ಲಿ, ಅವನ ದಕ್ಕೆಗೆ ಹಿಂದಿರುಗಬೇಕಾದುದು ನ್ಯಾಯ. ತೀರದ ಯುವಕನು ದೋಣಿ ನಡೆಯಿಸಿ ಮಾದರಿಗಳನ್ನೆತ್ತಿ ಕೊಟ್ಟರೆ ಅವನಿಗೆ ಕೂಲಿಯೂ ಸಲ್ಲಬೇಕು, ಪ್ರಬಂಧದಲ್ಲಿ ಅವನು ಒಪ್ಪಿದರೆ ಹೆಸರೂ ಸಲ್ಲಬೇಕು. ಕಟ್ಟಳೆಯನ್ನು ಮಾಡುವ ಸಭೆಯಲ್ಲಿ ಅವನ ಮಾತಿಗೆ ಒಂದು ಕುರ್ಚಿಯಿರಬೇಕು. ಬಿಡುವಿನ ತಿಂಗಳುಗಳಲ್ಲಿ ಅವನ ಒಲೆ ಉರಿಯುವ ಬಗೆಯನ್ನೂ ಆ ಸಭೆಯೇ ಯೋಚಿಸಬೇಕು.

ರಂಪಣಿಯ ಮೇಳದಲ್ಲಿ ಹಗ್ಗ ಹಿಡಿದವನಿಗೆ ಪಾಲು ತಪ್ಪುತ್ತಿರಲಿಲ್ಲ. ಆ ಪಾಲನ್ನು ಯಾರೂ ದಾನವೆಂದು ಎಣಿಸಲಿಲ್ಲ. ಅದು ಎಳೆದ ಕೈಗೆ ಸಲ್ಲುವ ಹಕ್ಕು. ಕರಾವಳಿಯ ಶಾಸ್ತ್ರವೂ ಹಲವರು ಕೂಡಿ ಎಳೆಯುವ ದೊಡ್ಡ ಬಲೆಯೇ ಸರಿ. ಅದರ ಹಗ್ಗವನ್ನು ಮೂರೂವರೆ ಶತಮಾನಗಳಿಂದ ಹಿಡಿದವರು ಯಾರೆಂಬುದು ಬಂಗುಡೆಯ ಶಾಸ್ತ್ರೀಯನಾಮದಲ್ಲಿ, ಕಾಂಡ್ಲದ ಕುಲನಾಮದಲ್ಲಿ ಕೆತ್ತಿದಂತಿದೆ. ಹೆಸರು ಗ್ರಂಥವನ್ನು ಸೇರಿ ಬಹುಕಾಲವಾಯಿತು. ಪಾಲು ಇನ್ನೂ ತೀರವನ್ನು ಸೇರಬೇಕಾಗಿದೆ.